ಕಂಬಗಳ ದ್ವೀಪಕ್ಕೆ ಬಂದ ಇನ್ನೊಂದು ಕಂಬ

ಮಲ್ಪೆಯಲ್ಲಿ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೊರಟರೆ ಪಕ್ಕದಲ್ಲಿ ಕೂತವರು ಯಾರಾದರೂ ಹೇಳಿಯೇ ಹೇಳ್ತಾರೆ: “ವಾಸ್ಕೋ ಡ ಗಾಮ ಮೊದಲು ಇಳಿದದ್ದು ಇಲ್ಲಿ, ಆಮೇಲೆ ಕಲ್ಲಿಕೋಟೆಗೆ ಹೋದದ್ದು.” ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಆದರೆ ಕಥೆ ಉಲ್ಟಾ.

ಗಾಮ ಕಲ್ಲಿಕೋಟೆ ತಲುಪಿದ್ದು 1498ರ ಮೇ ತಿಂಗಳಲ್ಲಿ. ಅಲ್ಲಿ ಸಾಮೂದಿರಿಯ ಜೊತೆ ವ್ಯವಹಾರ ಕುದುರಲಿಲ್ಲ. ಆಗಸ್ಟ್ ಕೊನೆಗೆ ಮನಸ್ತಾಪದಲ್ಲೇ ಹೊರಟು, ಕರಾವಳಿ ಹಿಡಿದು ಉತ್ತರಕ್ಕೆ ಬಂದ. ಅಂದರೆ ಈ ಕಡೆ ಬಂದದ್ದು ವಾಪಸ್ ಹೋಗುವಾಗ.

ಹಡಗಿನಲ್ಲಿದ್ದ ಒಬ್ಬಾತನ ದಿನಚರಿ ಉಳಿದಿದೆ. ಪೋರ್ಚುಗಲ್ ರಾಜ ನೆಡಿಸಲು ಹೇಳಿದ್ದು ಮೂರು ಕಲ್ಲುಕಂಬ. ಒಂದು ಆಫ್ರಿಕಾದಲ್ಲಿ, ಇನ್ನೊಂದು ಕಲ್ಲಿಕೋಟೆಯಲ್ಲಿ ಮುಗಿದಿತ್ತು. ಮೂರನೆಯದರ ಹೆಸರು ಸಾಂತಾ ಮರಿಯಾ. ಸೆಪ್ಟೆಂಬರ್‌ನಲ್ಲಿ, ದಡದಿಂದ ಸ್ವಲ್ಪ ದೂರದ ಪುಟ್ಟ ದ್ವೀಪಗಳ ಹತ್ತಿರ, ನಮ್ಮ ಕಡೆಯ ದೋಣಿಗಳು ಮೀನು ತಂದವಂತೆ. ಬಂಗುಡೆಯೋ ಬೂತಾಯಿಯೋ, ಬರೆದಿಲ್ಲ! ಗಾಮ ಅವರಿಗೆಲ್ಲ ಅಂಗಿ ಕೊಟ್ಟ. ಇಲ್ಲೊಂದು ಕಂಬ ನೆಡಲಾ ಅಂತ ಕೇಳಿದ. ಧಾರಾಳವಾಗಿ ನೆಡಿ, ನೀವೂ ನಮ್ಮಂತೆ ಕ್ರೈಸ್ತರು ಅನ್ನೋದು ಗೊತ್ತಾಗುತ್ತೆ ಅಂದರು ಅಂತ ದಿನಚರಿ ಹೇಳುತ್ತದೆ. ನನಗಂತೂ ನಂಬಿಕೆಯಿಲ್ಲ. ಆಗ ಪೋರ್ಚುಗೀಸರು ಹಿಂದೂ ದೇವಸ್ಥಾನವನ್ನೂ ಚರ್ಚ್ ಅಂದುಕೊಂಡಿದ್ದರು. ಮೀನು ಮಾರಲು ಬಂದವರು ಅಂಗಿ ಸಿಕ್ಕಿದ ಖುಷಿಗೆ ತಲೆಯಾಡಿಸಿರಬೇಕು, ಅಷ್ಟೇ.

ದಿನಚರಿಯಲ್ಲಿ ಮಲ್ಪೆಯ ಹೆಸರಿಲ್ಲ. ಕಂಬದ ಹೆಸರೂ ದ್ವೀಪದ ಹೆಸರೂ ಒಂದೇ ಆದ್ದರಿಂದ ಇದೇ ಜಾಗ ಅಂತಾರೆ. ಊರವರ ಬಾಯಲ್ಲಿ ಇದಕ್ಕೆ ತೋನ್ಸೆಪಾರ್ ಅನ್ನೋ ಹೆಸರೂ ಇದೆ.

ಈಗ ಫೋಟೋ ಸ್ವೈಪ್ ಮಾಡಿ ನೋಡಿ. ದ್ವೀಪದ ತುಂಬ ಕಂಬಗಳೇ! ಐದು ಮುಖ, ಆರು ಮುಖ, ಜೇನುಗೂಡಿನ ಹಾಗೆ ಒತ್ತಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದ ಲಾವಾ ತಣ್ಣಗಾಗಿ, ಕುಗ್ಗಿ, ಬಿರುಕು ಬಿಟ್ಟು ಆದದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದು ಈ ಕಲ್ಲಿಗಾಗಿ, ಗಾಮನಿಗಾಗಿ ಅಲ್ಲ. ಹೋದರೆ ಅದರ ಮೇಲೆ ಹೆಸರು ಕೆತ್ತಬೇಡಿ. ಗಾಮನ ಕಂಬವಂತೂ ಇವತ್ತು ಅಲ್ಲಿಲ್ಲ.

ಅಲ್ಲಿಂದ ಅವನು ಹೋದದ್ದು ಕಾರವಾರದ ಹತ್ತಿರದ ಅಂಜದೀವಕ್ಕೆ, ಹಡಗು ರಿಪೇರಿಗೆ. ಅದು ಮುಂದಿನ ಕಂತಿಗೆ.