ಹೊಲದ ಕೆಲಸ – ಕಂತು 9: ಹಿಡಿಕೆಯ ಉದ್ದ

ಹೋದ ಕಂತಿನಲ್ಲಿ ಎಡೆಕುಂಟೆ ಬಗ್ಗೆ ಬರೆದಾಗ ಒಬ್ಬರು ಕೇಳಿದ್ದರು: ಎಡೆ ಹೊಡೆದ ಮೇಲೂ ಹೆಣ್ಣುಮಕ್ಕಳು ಯಾಕೆ ಕಸ ತೆಗೀಬೇಕಿತ್ತು? ಎತ್ತು ಎಳೆಯುವ ಕುಂಟೆ ಎರಡು ಸಾಲಿನ ನಡುವಿನ ಕಸವನ್ನಷ್ಟೇ ಕೀಳುತ್ತದೆ. ಸಾಲಿನೊಳಗೆ, ಗಿಡದ ಬುಡದಲ್ಲಿ ಬೆಳೆದದ್ದು ಹಾಗೇ ಉಳಿಯುತ್ತದೆ. ಅಲ್ಲಿಗೆ ಕೈಯೇ ಹೋಗಬೇಕು, ಕುರ್ಚಿಗಿ ಹಿಡಿದು.

ನಮ್ಮ ಹಾವೇರಿ ಕಡೆ ಶೇಂಗಾ, ಮೆಣಸಿನಗಿಡ, ಜೋಳದ ಹೊಲದಲ್ಲಿ ಕೆಲಸ ಹೀಗೇ ಹಂಚಿಹೋಗಿತ್ತು. ಕುಂಟೆ ಹಿಂದೆ ಗಂಡಸು ನಡೀತಿದ್ದ. ಹೆಣ್ಣುಮಕ್ಕಳು ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು, ಕುಕ್ಕರಗಾಲಲ್ಲಿ ಕೂತು ಇಲ್ಲವೇ ನಡು ಬಗ್ಗಿಸಿ, ಮುಂಜಾನೆಯಿಂದ ಸಂಜೆತನಕ ಮುಂದೆ ಸರೀತಿದ್ದರು. ಕೂಲಿ ಗಂಡಾಳಿಗೆ ಹೆಚ್ಚು, ಹೆಣ್ಣಾಳಿಗೆ ಕಡಿಮೆ. 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು, ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎಂದು. "ಅದು ಬೇರೆ ಕೆಲಸ, ಇದು ಬೇರೆ ಕೆಲಸ" ಅಂದರೆ ಕಾಯ್ದೆ ಹೊಲದ ಬದುವಿನಲ್ಲೇ ನಿಲ್ಲುತ್ತಿತ್ತು.

ನಮ್ಮಜ್ಜಿ ನೆಟ್ಟಗೆ ನಿಂತದ್ದನ್ನು ನಾನು ನೋಡೇ ಇಲ್ಲ. ಮನೆಯಲ್ಲಿ ಅದಕ್ಕೆ "ವಯಸ್ಸು" ಅಂತಿದ್ದರು. ಅಜ್ಜನಿಗೂ ಅಷ್ಟೇ ವಯಸ್ಸಾಗಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಸ್ವೀಡನ್ನಿನ ಡಾಕ್ಟರ್ ಆಲ್ಫ್ ನಾಖೆಮ್ಸನ್ 1960ರ ದಶಕದಲ್ಲಿ ಬೆನ್ನುಮೂಳೆಗಳ ನಡುವಿನ ಡಿಸ್ಕಿಗೇ ಸೂಜಿ ಹಾಕಿ ಒತ್ತಡ ಅಳೆದು ತೋರಿಸಿದ್ದರು: ನಿಂತಾಗ ಇರುವುದಕ್ಕಿಂತ ಮುಂದೆ ಬಾಗಿದಾಗ ಒತ್ತಡ ಹೆಚ್ಚು. ನರ್ಸಿಂಗ್ ಓದಿದ ಮೇಲೆ "ವಯಸ್ಸು" ಎಂಬ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ.

ಈ ಒಂದು ವಿಷಯ ಕೋರ್ಟಿನ ತನಕ ಹೋದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಲೆಟ್ಯೂಸ್, ಸಕ್ಕರೆ ಬೀಟ್ ಹೊಲಗಳಲ್ಲಿ ಕೂಲಿಗಳಿಗೆ, ಹೆಚ್ಚಿನವರು ಮೆಕ್ಸಿಕೋ ಮೂಲದವರು, ಒಂದೆರಡು ಅಡಿ ಹಿಡಿಕೆಯ ಗುದ್ದಲಿ ಕೊಡುತ್ತಿದ್ದರು. ಹೆಸರು "ಎಲ್ ಕೊರ್ತಿತೊ", ಅಂದರೆ ಗಿಡ್ಡದ್ದು. ಉದ್ದ ಹಿಡಿಕೆ ಹಾಕಿದರೆ ಎಳೆ ಸಸಿ ಕಡಿದುಹೋಗುತ್ತದೆ ಎಂಬುದು ಮಾಲೀಕರ ವಾದ. ಕೂಲಿಗಳು ಹೇಳುತ್ತಿದ್ದ ಕಾರಣ ಬೇರೆ: ಎಲ್ಲರೂ ಬಗ್ಗಿರುವಾಗ ಒಬ್ಬ ನೆಟ್ಟಗಾದರೆ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತದೆ. ವಕೀಲ ಮಾರಿಸ್ ಜೋರ್ಡೇನ್ ಕೇಸು ನಡೆಸಿದರು, ಡಾಕ್ಟರುಗಳು ಸಾಕ್ಷಿ ಹೇಳಿದರು, 1975ರಲ್ಲಿ ಅದು ನಿಷೇಧವಾಯಿತು. ಉದ್ದ ಹಿಡಿಕೆಯಲ್ಲೂ ಲೆಟ್ಯೂಸ್ ಚೆನ್ನಾಗೇ ಬಂತು! ಬರಿಗೈಯಲ್ಲಿ ಕಳೆ ಕೀಳಿಸುವುದಕ್ಕೆ ಕಟ್ಟುಪಾಡು ಬರಲು ಮಾತ್ರ 2004ರ ತನಕ ಕಾಯಬೇಕಾಯಿತು.

ಇಲ್ಲಿ ಆಸ್ಟ್ರೇಲಿಯಾದಲ್ಲಿ ನನ್ನ ಬೆನ್ನು ಉಳಿದಿರುವುದೂ ಇಂಥದ್ದೇ ಜಗಳದಿಂದ. ವಿಕ್ಟೋರಿಯಾದ ನರ್ಸುಗಳ ಯೂನಿಯನ್ 1998ರಲ್ಲಿ, ರೋಗಿಯನ್ನು ಕೈಯಿಂದ ಎತ್ತುವುದಿಲ್ಲ ಎಂಬ ನೀತಿ ತಂದಿತು. ಅದಕ್ಕೂ ಮುಂಚೆ ನರ್ಸುಗಳ ಸೊಂಟನೋವಿಗೆ "ಈ ಕೆಲಸವೇ ಹಾಗೆ" ಎಂಬ ಉತ್ತರವಿತ್ತು. ಈಗ ಹೋಯ್ಸ್ಟ್ ಇಲ್ಲದೆ ನಾವು ಎತ್ತುವುದಿಲ್ಲ. ಸ್ಕೋಫೀಲ್ಡ್ಸ್‌ನ ನಮ್ಮ ಹಿತ್ತಲಿಗೆ ಮೆಂತ್ಯ ಹಾಕಲು ತಂದ ಗುದ್ದಲಿಯ ಹಿಡಿಕೆಯೂ ನನ್ನ ಎದೆಯೆತ್ತರ ಇದೆ.

ಊರಲ್ಲಿ ಈಗ ಕಳೆನಾಶಕ ಬಂದಿದೆ, ನಿಂತೇ ತಳ್ಳುವ ಸೈಕಲ್ ಎಡೆಕುಂಟೆ ಬಂದಿದೆ. ಆದರೆ ಹಳೇ ಸೈಕಲ್ಲಿನ ಗಾಲಿಯ ಆ ಕುಂಟೆಯೂ ಓಡುವುದು ಸಾಲಿನ ನಡುವೆಯೇ. ಗಿಡದ ಬುಡಕ್ಕೆ ಇವತ್ತಿಗೂ ಕುರ್ಚಿಗಿಯೇ, ಹಿಡಿಕೆ ಒಂದು ಗೇಣೂ ಇಲ್ಲ.

ಮುಂದಿನ ಕಂತು: ಕಣ ಮತ್ತು ರಾಶಿ.