ಊರ್ಧ್ವದಿಕ್ಕಿನ ಮಿತಿ

ಶ್ರಾವಕನ ಗುಣವ್ರತಗಳಲ್ಲಿ ದಿಗ್ವ್ರತವೂ ಒಂದು. ಇಂತಿಷ್ಟು ದೂರದ ಆಚೆಗೆ ತಾನು ಹೋಗುವುದಿಲ್ಲ, ವ್ಯವಹರಿಸುವುದಿಲ್ಲ ಎಂದು ದಿಕ್ಕುಗಳಿಗೆ ಎಲ್ಲೆ ಕಟ್ಟಿಕೊಳ್ಳುವುದೇ ಅದರ ಸ್ವರೂಪ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾಮಿ ಆಚಾರ್ಯರು ಮೊಟ್ಟಮೊದಲು ಹೆಸರಿಸಿರುವುದು ಊರ್ಧ್ವವ್ಯತಿಕ್ರಮವನ್ನು, ಅಂದರೆ ಮೇಲ್ದಿಕ್ಕಿನ ಎಲ್ಲೆಯನ್ನು ಮೀರುವುದನ್ನು. ಬೆಟ್ಟವನ್ನೋ ಮರವನ್ನೋ ಏರುವುದಷ್ಟೇ ಮನುಷ್ಯನಿಗೆ ಸಾಧ್ಯವಾಗಿದ್ದ ಕಾಲದಲ್ಲಿ ಆಚಾರ್ಯರು ಆಕಾಶಕ್ಕೂ ಒಂದು ಮಿತಿ ಬೇಕೆಂದು ಎಣಿಸಿದರು. ಅಂಗೈಯಗಲದ ಡ್ರೋನ್ ಎಂಬ ಯಂತ್ರವು ನೆರೆಮನೆಯ ಮಾಳಿಗೆಯನ್ನೂ ಬಸದಿಯ ಶಿಖರವನ್ನೂ ಕ್ಷಣಮಾತ್ರದಲ್ಲಿ ದಾಟಬಲ್ಲ ಈ ದಿನಗಳಲ್ಲಿ ಆ ಎಣಿಕೆಯ ಅರ್ಥವನ್ನು ಮತ್ತೊಮ್ಮೆ ವಿಚಾರಿಸುವುದು ಉಚಿತವಾಗಿದೆ.

ಆಳಿಲ್ಲದೆ ಹಾರುವ ಸಾಧನದ ಇತಿಹಾಸವು ಆರಂಭದಲ್ಲೇ ಒಂದು ಪಾಠವನ್ನು ಹೇಳುತ್ತದೆ. ೧೮೪೯ರಲ್ಲಿ ಆಸ್ಟ್ರಿಯದ ಸೇನೆಯು ವೆನಿಸ್ ನಗರವನ್ನು ಮುತ್ತಿದಾಗ ಬಾಂಬುಗಳನ್ನು ಕಟ್ಟಿದ ಬಲೂನುಗಳನ್ನು ನಗರದ ಮೇಲೆ ತೇಲಿಬಿಟ್ಟಿತು. ಗಾಳಿ ದಿಕ್ಕು ಬದಲಿಸಿದಾಗ ಅವುಗಳಲ್ಲಿ ಕೆಲವು ಬಿಟ್ಟವರ ಕಡೆಗೇ ಹಿಂದಿರುಗಿದವು. ಆಕಾಶದ ಕಣ್ಣಿನ ಇತಿಹಾಸವೂ ಹೆಚ್ಚುಕಡಿಮೆ ಆ ಕಾಲದ್ದೇ. ೧೮೫೮ರಲ್ಲಿ ಫ್ರಾನ್ಸಿನ ನಾದಾರ್ ಎಂಬ ಛಾಯಾಗ್ರಾಹಕನು ಬಲೂನಿನಲ್ಲಿ ಕುಳಿತು ಪ್ಯಾರಿಸ್ಸಿನ ಸಮೀಪದಲ್ಲಿ ನೆಲದ ಚಿತ್ರವನ್ನು ತೆಗೆದನು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಔಷಧ ವ್ಯಾಪಾರಿ ಯೂಲಿಯಸ್ ನಾಯ್‌ಬ್ರೊನರ್ ಪಾರಿವಾಳಗಳ ಎದೆಗೆ ಪುಟ್ಟ ಕ್ಯಾಮೆರಾ ಕಟ್ಟಿ ಹಾರಿಬಿಟ್ಟನು. ೧೯೩೫ರಲ್ಲಿ ಬ್ರಿಟಿಷರು ಗುರಿ ಹೊಡೆಯುವ ಅಭ್ಯಾಸಕ್ಕೆಂದು ರೇಡಿಯೋ ಸಂಕೇತದಿಂದ ನಡೆಯುವ ವಿಮಾನವನ್ನು ಸಿದ್ಧಪಡಿಸಿ ಅದಕ್ಕೆ 'ಕ್ವೀನ್ ಬೀ', ಎಂದರೆ ರಾಣಿಜೇನು, ಎಂದು ಹೆಸರಿಟ್ಟರು. ಗಂಡುಜೇನು ಎಂಬ ಅರ್ಥದ 'ಡ್ರೋನ್' ಪದವು ಇಂತಹ ಯಂತ್ರಗಳಿಗೆ ಅಂಟಿಕೊಂಡದ್ದು ಇದರಿಂದಲೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ೨೦೧೦ರ ನಂತರ ಸೇನೆಯ ಕೈಯಲ್ಲಿದ್ದ ಈ ಶಕ್ತಿ ಅಂಗಡಿಯ ಸರಕಾಯಿತು. ಮದುವೆ ಮನೆಗೂ ರಥೋತ್ಸವಕ್ಕೂ ಬಂದಿತು.

ನೆಲದ ಒಡೆಯನಿಗೆ ಆಕಾಶದಲ್ಲಿ ಎಷ್ಟರಮಟ್ಟಿನ ಹಕ್ಕಿದೆ? ಈ ಪ್ರಶ್ನೆಯನ್ನು ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ತಂದು ನಿಲ್ಲಿಸಿದ್ದು ಕೋಳಿಗಳ ಸಾವು. ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೋ ಬಳಿ ಕಾಸ್ಬಿ ಎಂಬ ದಂಪತಿಗಳು ಎರಡು ಮುಕ್ಕಾಲು ಎಕರೆಯಷ್ಟು ಜಮೀನಿನಲ್ಲಿ ಕೋಳಿ ಸಾಕುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಕ್ಕದ ವಿಮಾನ ನಿಲ್ದಾಣವನ್ನು ಬಳಸಿದ ಸೇನಾ ವಿಮಾನಗಳು ಅವರ ಜಮೀನಿನ ಮೇಲೆ ೮೩ ಅಡಿ ಎತ್ತರದಲ್ಲಿ, ಮನೆಯ ಮಾಡಿನಿಂದ ೬೭ ಅಡಿಯಷ್ಟೇ ಮೇಲೆ, ಹಾದುಹೋಗುತ್ತಿದ್ದವು. ಸದ್ದಿಗೆ ಬೆದರಿದ ಕೋಳಿಗಳು ಗೋಡೆಗೆ ಅಪ್ಪಳಿಸಿ ಸತ್ತವು. ಒಟ್ಟು ಸುಮಾರು ೧೫೦ ಪ್ರಾಣಿಗಳು ಹೀಗೆ ಅಳಿದವು. ಮನೆಯವರಿಗೆ ನಿದ್ದೆಯಿಲ್ಲದಾಯಿತು. ೧೯೪೬ರಲ್ಲಿ ನ್ಯಾಯಾಲಯವು ಎರಡು ಮಾತುಗಳನ್ನು ಹೇಳಿತು: ನೆಲದ ಒಡೆತನವು ಆಕಾಶದ ತುದಿಯವರೆಗೂ ಚಾಚುತ್ತದೆಂಬ ಹಳೆಯ ನಂಬಿಕೆಗೆ ವಿಮಾನಯುಗದಲ್ಲಿ ಸ್ಥಾನವಿಲ್ಲ, ಆದರೆ ನೆಲದ ಮೇಲಿನ ಬಾಳಿಗೆ ನೇರವಾಗಿ ಅಡ್ಡಿಯಾಗುವಷ್ಟು ಕೆಳಗೆ, ಅಷ್ಟು ಪದೇಪದೇ ಹಾರಿದರೆ ಅದು ಆ ನೆಲವನ್ನೇ ಕಸಿದುಕೊಂಡಂತೆ. ಆ ಸಾವುಗಳನ್ನು ನ್ಯಾಯಾಲಯವು ಒಡೆಯನ ನಷ್ಟವೆಂದು ಎಣಿಸಿತು. ಜೈನ ದೃಷ್ಟಿಗಾದರೋ ಅವು ಮೊದಲಿಗೆ ನೂರೈವತ್ತು ಪಂಚೇಂದ್ರಿಯ ಜೀವಗಳ ಭಯ ಮತ್ತು ಮರಣ.

ನೋಟದಿಂದ ಆಗುವ ಬಾಧೆಯನ್ನು ಕಾನೂನು ಇನ್ನೂ ನಿಧಾನವಾಗಿ ಗುರುತಿಸಿತು. ಕೈಯಲ್ಲಿ ಹಿಡಿಯಬಹುದಾದ ಕ್ಯಾಮೆರಾಗಳು ಬಳಕೆಗೆ ಬರುತ್ತಿದ್ದ ೧೮೯೦ರಲ್ಲಿ ಸ್ಯಾಮ್ಯುಯೆಲ್ ವಾರನ್ ಮತ್ತು ಲೂಯಿ ಬ್ರಾಂಡೈಸ್ ಎಂಬ ಇಬ್ಬರು ಅಮೆರಿಕನ್ ವಕೀಲರು ಖಾಸಗಿತನದ ಹಕ್ಕನ್ನು ಕುರಿತು ಒಂದು ಪ್ರಸಿದ್ಧ ಲೇಖನವನ್ನು ಬರೆದರು. ಆದರೂ ೧೯೮೬ರಲ್ಲಿ, ಎತ್ತರದ ಬೇಲಿ ಹಾಕಿದ್ದ ಒಂದು ಹಿತ್ತಿಲನ್ನು ಪೊಲೀಸರು ಸಾವಿರ ಅಡಿ ಮೇಲಿಂದ ವಿಮಾನದಲ್ಲಿ ನೋಡಿದ ಪ್ರಕರಣದಲ್ಲಿ, ಆ ದೇಶದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ಆ ನೋಟವನ್ನು ಎತ್ತಿಹಿಡಿಯಿತು. ಆಕಾಶದಲ್ಲಿ ಹೋಗುವ ಯಾರಾದರೂ ಕಾಣಬಹುದಾದುದನ್ನು ಪೊಲೀಸರು ಕಂಡರೆ ತಪ್ಪಿಲ್ಲ ಎಂಬುದು ಅದರ ತರ್ಕ. ನಮ್ಮ ದೇಶದಲ್ಲಿ ಈ ಹಕ್ಕಿಗೆ ಗಟ್ಟಿಯಾದ ನೆಲೆಯನ್ನು ದೊರಕಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ೨೦೧೨ರಲ್ಲಿ ಸಲ್ಲಿಸಿದ ಅರ್ಜಿಯ ಫಲವಾಗಿ, ೨೦೧೭ರ ಆಗಸ್ಟ್ ೨೪ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು.

ಈ ವಿಷಯದಲ್ಲಿ ಶ್ರಾವಕಾಚಾರದ ವಿವೇಚನೆ ಬಹು ಹಳೆಯದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಎರಡು ಇಲ್ಲಿ ಸ್ಮರಣೀಯ. ಏಕಾಂತದಲ್ಲಿ ನಡೆದುದನ್ನು ಬಯಲು ಮಾಡುವುದು ರಹೋಭ್ಯಾಖ್ಯಾನ; ಇನ್ನೊಬ್ಬರ ಮುಖಭಾವ, ಅಂಗಚೇಷ್ಟೆಗಳಿಂದ ಮನದ ಇಂಗಿತವನ್ನು ಅರಿತು ಅದನ್ನು ಹೊರಗೆಡಹುವುದು ಸಾಕಾರಮಂತ್ರಭೇದ. ಬಯಲು ಮಾಡಿದ ಸಂಗತಿ ನಿಜವೇ ಆಗಿದ್ದರೂ ಸತ್ಯವ್ರತಕ್ಕೆ ಕುಂದು ಬರುತ್ತದೆ ಎಂಬುದು ಇಲ್ಲಿಯ ಸೂಕ್ಷ್ಮ. ಚಿತ್ರವು ಸುಳ್ಳಾಡುವುದಿಲ್ಲ, ಕಂಡದ್ದನ್ನಷ್ಟೇ ತೋರಿಸಿದ್ದೇವೆ ಎಂಬ ಸಮಾಧಾನವು ಈ ವ್ರತದ ಮುಂದೆ ನಿಲ್ಲಲಾರದು.

ಇನ್ನು ಯಂತ್ರವು ಬೀಳುವ ಅಪಾಯ. ಬ್ಯಾಟರಿ ಬರಿದಾಗುವುದು, ರೇಡಿಯೋ ಸಂಪರ್ಕ ಕಡಿದುಹೋಗುವುದು, ರೆಕ್ಕೆಯೊಂದು ತಂತಿಗೋ ಕೊಂಬೆಗೋ ತಗಲುವುದು, ಇಷ್ಟೇ ಸಾಕು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ೩೦ ಮೀಟರ್ ಎತ್ತರದಿಂದ ಬಿದ್ದ ವಸ್ತು ಗಂಟೆಗೆ ಸುಮಾರು ೮೫ ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ೨೦೧೫ರ ಡಿಸೆಂಬರಿನಲ್ಲಿ ಇಟಲಿಯ ಮಡೋನ ದಿ ಕಾಂಪಿಲ್ಯೊದಲ್ಲಿ ಹಿಮದ ಇಳಿಜಾರಿನ ಸ್ಪರ್ಧೆಯನ್ನು ಚಿತ್ರಿಸುತ್ತಿದ್ದ ಡ್ರೋನ್ ಒಂದು ಆಸ್ಟ್ರಿಯದ ಕ್ರೀಡಾಪಟು ಮಾರ್ಸೆಲ್ ಹಿರ್ಶರ್ ಅವರ ಬೆನ್ನ ಹಿಂದೆಯೇ ಬಿದ್ದು ಒಡೆಯಿತು. ಅವರು ಕೂದಲೆಳೆಯಲ್ಲಿ ಪಾರಾದರು. ೨೦೨೧ರ ಮೇ ತಿಂಗಳಿನಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚೀಕಾ ರಕ್ಷಿತ ಪ್ರದೇಶದಲ್ಲಿ, ಹಾರಾಟಕ್ಕೆ ಅನುಮತಿಯಿಲ್ಲದಿದ್ದರೂ ಯಾರೋ ಹಾರಿಸಿದ ಡ್ರೋನ್ ಗೂಡುಕಟ್ಟುವ ನೆಲದಲ್ಲಿ ಬಿದ್ದಿತು. ಸಾವಿರಾರು ಟರ್ನ್ ಹಕ್ಕಿಗಳು ಬೆದರಿ ಮೇಲೆದ್ದು ಹೋದವು. ಸಾವಿರದ ಐನೂರಕ್ಕೂ ಹೆಚ್ಚು ಮೊಟ್ಟೆಗಳು ಕಾವಿಲ್ಲದೆ ಮರಳಿನಲ್ಲೇ ಉಳಿದವು. ಹಾರಿಸಿದವನಿಗೆ ಕೊಲ್ಲುವ ಸಂಕಲ್ಪವಿದ್ದಿರಲಾರದು. ಆದರೆ ಹಿಂಸೆಯ ಲಕ್ಷಣವನ್ನು ಹೇಳುವಾಗ ನಮ್ಮ ಆಚಾರ್ಯರು ಪ್ರಮಾದವನ್ನೇ, ಅಂದರೆ ಎಚ್ಚರಗೇಡಿತನವನ್ನೇ, ಮೂಲದಲ್ಲಿ ಇಟ್ಟಿದ್ದಾರೆ.

ಭಾರತದಲ್ಲಿ ೨೦೧೪ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಜನಸಾಮಾನ್ಯರು ಡ್ರೋನ್ ಹಾರಿಸುವುದನ್ನು ತಡೆಯಿತು. ೨೦೧೮ರ ಡಿಸೆಂಬರಿನಿಂದ ಷರತ್ತಿನ ಮೇಲೆ ಅವಕಾಶ ದೊರೆಯಿತು. ೨೦೨೧ರ ಆಗಸ್ಟಿನಲ್ಲಿ ಪ್ರಕಟವಾದ ಡ್ರೋನ್ ನಿಯಮಗಳು ೨೫೦ ಗ್ರಾಂವರೆಗಿನ ಯಂತ್ರವನ್ನು ನ್ಯಾನೋ, ಎರಡು ಕಿಲೋವರೆಗಿನದನ್ನು ಮೈಕ್ರೋ ಎಂದು ಮೊದಲ್ಗೊಂಡು ಐದು ವರ್ಗಗಳನ್ನು ಮಾಡಿದವು. ಹಸಿರು, ಹಳದಿ, ಕೆಂಪು ಎಂದು ಆಕಾಶವನ್ನು ವಿಂಗಡಿಸಿದವು. ಹಸಿರು ವಲಯದಲ್ಲಿ ೪೦೦ ಅಡಿಯ ಮಿತಿಯನ್ನು ಇಟ್ಟವು. ಇವೆಲ್ಲ ಅಗತ್ಯವೇ. ಆದರೆ ಎತ್ತರವನ್ನು ಅಳೆಯುವ ನಿಯಮವು ಉದ್ದೇಶವನ್ನು ಅಳೆಯಲಾರದು. ಆ ಕೆಲಸವು ಅನರ್ಥದಂಡ ವಿರತಿಗೆ ಸೇರಿದ್ದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುತ್ತಾ, ಪ್ರಯೋಜನವಿಲ್ಲದೆ ತಾನು ತಿರುಗಾಡುವುದನ್ನಷ್ಟೇ ಅಲ್ಲ, ತಿರುಗಾಡಿಸುವುದನ್ನೂ ಸೇರಿಸಿದ್ದಾರೆ. ತಾನು ನಿಂತಲ್ಲೇ ನಿಂತು ಯಂತ್ರವನ್ನು ಅಲೆದಾಡಿಸುವವನು ಈ ಲಕ್ಷಣಕ್ಕೆ ಹೊರತಾಗುವುದಿಲ್ಲ.

ಆಕಾಶದಿಂದ ಭಕ್ತಿಯನ್ನು ಸಲ್ಲಿಸುವುದು ನಮ್ಮ ಸಮಾಜಕ್ಕೆ ಅಪರಿಚಿತವಲ್ಲ. ೧೯೮೧ರಲ್ಲಿ ಶ್ರವಣಬೆಳಗೊಳದ ಬಾಹುಬಲಿ ಮೂರ್ತಿಗೆ ಸಾವಿರ ವರ್ಷ ತುಂಬಿದ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಪುಷ್ಪವೃಷ್ಟಿ ಮಾಡಿದರು. ಆಗ ಮೇಲಿದ್ದವರು ಯಾರೆಂದು ಕೆಳಗಿದ್ದವರಿಗೆಲ್ಲ ತಿಳಿದಿತ್ತು. ಡ್ರೋನ್ ಹಾರುವಾಗ ಹಾಗಲ್ಲ. ಅದರ ಹಿಂದಿರುವ ಕಣ್ಣು ಯಾರದೆಂದು ನೆಲದಲ್ಲಿ ನಿಂತವನಿಗೆ ತಿಳಿಯುವುದಿಲ್ಲ. ಪಂಚಕಲ್ಯಾಣ ಮಹೋತ್ಸವದ ಜನಸಂದಣಿಯ ನೆತ್ತಿಯ ಮೇಲೆ ಅದನ್ನು ಹಾರಿಸಿದಾಗ, ಯಾತ್ರಿಕರ ಸ್ನಾನಗೃಹಗಳ ಅಂಗಳದ ಮೇಲೆ ಅದು ಸುಳಿದಾಗ, ಸಲ್ಲೇಖನದಲ್ಲಿರುವ ಸಾಧಕರ ವಸತಿಯ ಕಿಟಕಿಯ ಮುಂದೆ ನಿಂತಾಗ, ಹೊಣೆ ಯಾರದು? ಕೃತ, ಕಾರಿತ, ಅನುಮೋದನ ಎಂಬ ವಿಭಾಗದಲ್ಲಿ ಉತ್ತರವಿದೆ. ಹಾರಿಸಿದ ಛಾಯಾಗ್ರಾಹಕನದು ಕೃತ. ಅವನನ್ನು ಗೊತ್ತುಮಾಡಿದ ಟ್ರಸ್ಟಿನದು ಕಾರಿತ. ಚಿತ್ರವನ್ನು ನೋಡಿ ಮೆಚ್ಚಿ ಹಂಚಿದವರದು ಅನುಮೋದನ. ಮೂವರೂ ಬಂಧಕ್ಕೆ ಭಾಗಿಗಳು.

ಆದುದರಿಂದ ಅನುಮತಿಪತ್ರವನ್ನು ಪಡೆಯುವುದರೊಂದಿಗೆ ಬಸದಿಯ ಆಡಳಿತದವರು ತಾವೇ ಕೆಲವು ಮಿತಿಗಳನ್ನು ಮೊದಲೇ ಬರೆದಿಡುವುದು ಕರ್ತವ್ಯ. ಜನರ ನೆತ್ತಿಯ ಮೇಲೆ ಹಾರಾಟ ಕೂಡದು. ವಸತಿಗಳ ಕಡೆಗೆ ಕ್ಯಾಮೆರಾ ತಿರುಗಬಾರದು. ಗೋಪುರದ ಪಾರಿವಾಳ, ಗಿಳಿಗಳು ಗೂಡುಕಟ್ಟಿರುವ ದಿನಗಳಲ್ಲಿ ಯಂತ್ರ ಮೇಲೇಳಬಾರದು. ತೆಗೆದ ಚಿತ್ರಗಳು ಯಾರ ವಶದಲ್ಲಿರುತ್ತವೆಂಬುದು ನಿಶ್ಚಿತವಾಗಿರಬೇಕು. ದಿಗ್ವ್ರತದ ಕೊನೆಯ ಅತಿಚಾರ ಸ್ಮೃತ್ಯಂತರಾಧಾನ, ಎಂದರೆ ಕಟ್ಟಿಕೊಂಡ ಎಲ್ಲೆಯನ್ನೇ ಮರೆಯುವುದು. ಉತ್ಸವದ ಸಂಭ್ರಮದಲ್ಲಿ ಮರೆವು ಸುಲಭವಾಗಿ ಬರುತ್ತದೆ. ಕಾಸ್ಬಿಯವರ ಕೋಳಿಗಳು ಸತ್ತ ಮೇಲೆ ನ್ಯಾಯಾಲಯವು ಎಲ್ಲೆಯನ್ನು ಹುಡುಕಿತು. ವ್ರತವನ್ನು ಹಿಡಿದ ಶ್ರಾವಕನು ಯಂತ್ರವು ನೆಲ ಬಿಡುವುದಕ್ಕೆ ಮೊದಲೇ ಅದನ್ನು ನೆನೆಯಬೇಕು.