ಬ್ರಾಕೆಟ್ಟಿನೊಳಗಿನ ಊರು, ಕ್ಯಾಮೆರಾ ಮುಂದಿನ ಸಂಪಾದಕ

ಡಾಕ್ಯುಮೆಂಟರಿ ಅಂದರೆ ನಮ್ಮ ಅಪ್ಪಂದಿರಿಗೆ ಟೆಂಟಿನಲ್ಲಿ ಸಿನಿಮಾ ಶುರುವಾಗೋ ಮೊದಲು ಓಡುತ್ತಿದ್ದ ಸರ್ಕಾರದ ರೀಲು. ಫಿಲಂಸ್ ಡಿವಿಷನ್ನಿನವರ ಅಣೆಕಟ್ಟು, ರಸಗೊಬ್ಬರ, ನೆರೆಹಾವಳಿ, ಮಂತ್ರಿಗಳ ಕೊರಳಿನ ಹಾರ. ಬೀಡಿ ಹಚ್ಚಿಕೊಳ್ಳೋದಕ್ಕೂ ಕಡ್ಲೆಕಾಯಿ ಪೊಟ್ಟಣ ತರೋದಕ್ಕೂ ಸಿಗುತ್ತಿದ್ದ ಬಿಡುವಿನ ಹೊತ್ತು ಅದು. ಅದರಲ್ಲಿ ಮಾತಾಡುತ್ತಿದ್ದವನ ಮುಖ ಯಾರೂ ಕಂಡವರಿಲ್ಲ. ದನಿ ಮಾತ್ರ ಮೇಲಿನಿಂದ ಬರುತ್ತಿತ್ತು, ಊರ ಗೌಡ ಜಗಲಿ ಮೇಲಿಂದ ಮಾತಾಡಿದ ಹಾಗೆ.

ಇಂಗ್ಲೆಂಡಿನಲ್ಲಿ ಈ ಕಲೆ ಬೇರೆ ದಾರಿ ಹಿಡಿಯಿತು. ಅಲ್ಲಿ ತಮ್ಮ ಹಾಡುಗಾರರ ಮೇಲೆ, ತಮ್ಮ ಹುಡುಗರ ಉಡುಗೆ ತೊಡುಗೆ ಮೇಲೆ, ಒಂದು ಹೋಟೆಲಿನ ಮೇಲೆ ಕೂಡ ಡಾಕ್ಯುಮೆಂಟರಿ ಮಾಡುತ್ತಾರೆ. ಅವುಗಳಲ್ಲಿ ಒಬ್ಬ ಹಳೇ ಪತ್ರಕರ್ತ ಕುರ್ಚಿ ಮೇಲೆ ಕೂತು, ಆಗ ನಾನಲ್ಲಿದ್ದೆ, ನಡೆದದ್ದು ಹೀಗೆ ಅಂತ ಸಾಕ್ಷಿ ನುಡಿಯೋದು ವಾಡಿಕೆ. 1926ರಲ್ಲಿ ಶುರುವಾದ ಮೆಲೊಡಿ ಮೇಕರ್, 1952ರಲ್ಲಿ ಶುರುವಾದ ಎನ್‌ಎಂಇ, ಇಂಥ ಸಂಗೀತದ ವಾರಪತ್ರಿಕೆಗಳಿಗೆ ಇಪ್ಪತ್ತರ ಹರೆಯದಲ್ಲಿ ಬರೆದವರು ಅರವತ್ತರ ಹರೆಯದಲ್ಲಿ ಟಿವಿಯಲ್ಲಿ ಸಾಕ್ಷಿಗಳಾದರು. ಎನ್‌ಎಂಇಯ ಪಾಲ್ ಮಾರ್ಲಿಯಂಥವರಿಗೆ ಇದು ಎರಡನೇ ಕಸುಬೇ ಆಯಿತು. ಪತ್ರಿಕೆ ರದ್ದಿ ಅಂಗಡಿಗೆ ಹೋದ ಮೇಲೂ ಬರೆದವನ ಮಾತಿಗೆ ಬೆಲೆ ಉಳಿಯಿತು.

ಇದೆಲ್ಲ ಕಾಡುಗೋಡಿಯಲ್ಲಿ ಕೂತ ನಮಗೆ ಯಾಕಪ್ಪ ಅಂತ ಕೇಳಬಹುದು. ಕಾರಣವಿದೆ. ಆ ಬಿಳಿಯರ ಹಾಡಿನ ಒಂದು ಎಳೆ ಸುತ್ತಿ ಬಳಸಿ ಬಂದು ನಮ್ಮೂರ ರೈಲ್ವೆ ಸ್ಟೇಷನ್ನಿನ ಪಕ್ಕದ ಒಂದು ಗೇಟಿಗೆ ಸಿಕ್ಕಿಹಾಕಿಕೊಂಡಿದೆ.

ಮೊದಲು ಊರಿನ ಮಾತು. 1882ರಲ್ಲಿ ಮೈಸೂರಿನ ಹತ್ತನೇ ಚಾಮರಾಜ ಒಡೆಯರು ಮೈಸೂರು ಮತ್ತು ಕೊಡಗಿನ ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು. ಸಂಘ ಕಟ್ಟಿದ ಡಿ. ಎಸ್. ವೈಟ್ ಅನ್ನುವವನ ಹೆಸರಲ್ಲಿ ವೈಟ್‌ಫೀಲ್ಡ್ ಹುಟ್ಟಿತು. ರೈಲು ನಿಲ್ಲೋದು ಕಾಡುಗೋಡಿಯಲ್ಲಿ, ಬೋರ್ಡಿನ ಹೆಸರು ವೈಟ್‌ಫೀಲ್ಡು. 2023ರ ಮಾರ್ಚಿನಲ್ಲಿ ಮೆಟ್ರೋ ಬಂತು. ಕೊನೇ ಸ್ಟೇಷನ್ನಿಗೆ ಇಟ್ಟ ಹೆಸರು ವೈಟ್‌ಫೀಲ್ಡ್, ಆಮೇಲೆ ಬ್ರಾಕೆಟ್ಟಿನಲ್ಲಿ ಕಾಡುಗೋಡಿ. ಸಾವಿರಾರು ಕೋಟಿ ಖರ್ಚು ಮಾಡಿ ತಂದ ರೈಲಿನಲ್ಲೂ ನಮ್ಮೂರಿಗೆ ಬ್ರಾಕೆಟ್ಟು ದಾಟೋಕೆ ಆಗಲಿಲ್ಲ.

ಈಗ ಹಾಡಿಗೆ ಬರೋಣ. 1967ರ ಆಗಸ್ಟಿನಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಬೀಟಲ್ಸ್ ಹುಡುಗರು ಮಹರ್ಷಿ ಮಹೇಶ ಯೋಗಿಯ ಉಪನ್ಯಾಸ ಕೇಳಿದರು. 1968ರ ಫೆಬ್ರವರಿಯಲ್ಲಿ ಹೃಷಿಕೇಶಕ್ಕೇ ಬಂದು ಕೂತರು. ಲಿವರ್‌ಪೂಲ್ ಅನ್ನೋ ಹಡಗುಕಟ್ಟೆಯ ದುಡಿಯುವವರ ಊರಿನ ಮಕ್ಕಳು ಅವರು. ಕೈತುಂಬ ಕಾಸು ಬಂದ ಮೇಲೆ ಶಾಂತಿ ಹುಡುಕಿಕೊಂಡು ಹೊರಟರು. ಶಾಂತಿಯೂ ಒಂದು ಸರಕು ಅಂತ ನಮ್ಮ ಗುರುಗಳಿಗೆ ಗೊತ್ತಾಗಿದ್ದು ಆ ಹೊತ್ತಿನಲ್ಲೇ ಇರಬೇಕು. ಆಗ ಸ್ಟೇಟ್ಸ್‌ಮನ್ ಪತ್ರಿಕೆಯ ಎಳೆಯ ವರದಿಗಾರ ಸಯೀದ್ ನಖ್ವಿ ಶಿಷ್ಯನ ಸೋಗಿನಲ್ಲಿ ಆಶ್ರಮದೊಳಕ್ಕೆ ಹೋಗಿ ಕಂಡದ್ದನ್ನು ಬರೆದರು. ಐವತ್ತು ವರ್ಷ ದಾಟಿದ ಮೇಲೆ, 2021ರಲ್ಲಿ, ಪತ್ರಕರ್ತ ಅಜೊಯ್ ಬೋಸ್ ಮತ್ತು ಪೀಟರ್ ಕಾಂಪ್ಟನ್ 'ದ ಬೀಟಲ್ಸ್ ಅಂಡ್ ಇಂಡಿಯಾ' ಅನ್ನುವ ಚಿತ್ರ ಮಾಡಿದಾಗ ಅದೇ ನಖ್ವಿ ಕ್ಯಾಮೆರಾ ಮುಂದೆ ಕೂತು ಆ ಕಥೆ ಹೇಳಿದರು. ಬಿಳಿಯರ ಹಾಡಿನ ಚರಿತ್ರೆಗೆ ಒಬ್ಬ ಭಾರತೀಯ ವರದಿಗಾರನ ಸಾಕ್ಷಿ ಬೇಕಾಯಿತು. ಇದು ಸಣ್ಣ ವಿಷಯವಲ್ಲ.

ಬೀಟಲ್ಸ್ ತುಳಿದ ದಾರಿಯಲ್ಲಿ ಪಡುವಣದ ಸಾವಿರಾರು ಹುಡುಗರು ಬಂದರು. ಎಲ್ಲರೂ ಹೃಷಿಕೇಶಕ್ಕೆ ಹೋಗಲಿಲ್ಲ. ಕೆಲವರು ಪುಟ್ಟಪರ್ತಿಗೆ, ಅಲ್ಲಿಂದ ಕಾಡುಗೋಡಿಗೆ ಬಂದರು. ಇಲ್ಲಿ ಸತ್ಯಸಾಯಿ ಬಾಬಾ ಅವರ ಬೃಂದಾವನ ಆಶ್ರಮವಿತ್ತು. 1972ರಿಂದ ಅಲ್ಲಿ ಬೇಸಿಗೆ ಶಿಬಿರಗಳು ಶುರುವಾದವು. ಹೀಗೆ ಬಾಬಾ ಭಕ್ತರಾದವರಲ್ಲಿ ಐಸಾಕ್ ಟಿಗ್ರೆಟ್ ಒಬ್ಬ. ಹುಟ್ಟಿನಿಂದ ಅಮೆರಿಕದ ಟೆನೆಸ್ಸಿಯವನು, ಹೆಸರು ಮಾಡಿದ್ದು ಲಂಡನ್ನಿನಲ್ಲಿ. 1971ರ ಜೂನ್ 14ರಂದು ಪೀಟರ್ ಮಾರ್ಟನ್ ಜೊತೆ ಸೇರಿ ಹಾರ್ಡ್ ರಾಕ್ ಕೆಫೆ ತೆರೆದ. ಅಲ್ಲಿಗೆ ಊಟಕ್ಕೆ ಬರುತ್ತಿದ್ದ ಎರಿಕ್ ಕ್ಲಾಪ್ಟನ್ ತನ್ನ ಗಿಟಾರನ್ನು ಗೋಡೆಗೆ ಹಾಕಿಸಿದ. ಪೀಟ್ ಟೌನ್‌ಶೆಂಡ್, ನನ್ನದೇನು ಕಮ್ಮಿ ಅಂತ ತನ್ನದನ್ನೂ ಕಳಿಸಿದ. ಅಲ್ಲಿಂದ ಆ ಹೋಟೆಲಿನ ಗೋಡೆಗಳೆಲ್ಲ ಹಾಡುಗಾರರ ಗಿಟಾರು, ಅಂಗಿ, ಟೋಪಿಗಳ ಗುಡಿಯಾದವು. ಆ ಗುಡಿಯ ಘೋಷವಾಕ್ಯ 'ಲವ್ ಆಲ್, ಸರ್ವ್ ಆಲ್'. ಎಲ್ಲರನ್ನೂ ಪ್ರೀತಿಸು, ಎಲ್ಲರ ಸೇವೆ ಮಾಡು. ಇದು ಟಿಗ್ರೆಟ್ ತನ್ನ ಗುರುವಿನಿಂದ ತಗೊಂಡ ಮಾತು. ಬಾಬಾ ಮಾತು ಲಂಡನ್ನಿನ ಮಾಂಸದೂಟದ ಹೋಟೆಲಿನ ಬನಿಯನ್ನಿನ ಮೇಲೆ ಅಚ್ಚಾಗಿ ಜಗತ್ತು ಸುತ್ತಿತು. ಹೋಟೆಲು ಮಾರಿದ ದುಡ್ಡಿನಲ್ಲಿ ದೊಡ್ಡ ಪಾಲು 1991ರಲ್ಲಿ ತೆರೆದ ಪುಟ್ಟಪರ್ತಿಯ ಆಸ್ಪತ್ರೆಗೆ ಹೋಯಿತು.

ಆಸ್ಪತ್ರೆ ವಿಷಯದಲ್ಲಿ ನಾವು ಸುಳ್ಳು ಹೇಳಬಾರದು. 2001ರ ಜನವರಿಯಲ್ಲಿ ಪ್ರಧಾನಿ ವಾಜಪೇಯಿ ಉದ್ಘಾಟಿಸಿದ ವೈಟ್‌ಫೀಲ್ಡಿನ ಆಸ್ಪತ್ರೆಯಲ್ಲಿ ಕಾಸಿಲ್ಲದೆ ಎದೆ ಆಪರೇಷನ್ ಮಾಡಿಸಿಕೊಂಡವರು ನಮ್ಮ ಕೇರಿಗಳಲ್ಲೂ ಇದ್ದಾರೆ. ಅವರ ಮನೆ ಗೋಡೆಯ ಫೋಟೋ ಇಳಿಸಿ ಅಂತ ಹೇಳೋ ಬಾಯಿ ನಮಗಿಲ್ಲ. ಆದರೆ ಸರ್ಕಾರಿ ಆಸ್ಪತ್ರೆ ಮಾಡಬೇಕಾದ್ದನ್ನು ದೇವರು ಮಾಡಿದಾಗ, ದೇವರನ್ನು ಪ್ರಶ್ನೆ ಕೇಳೋದು ಎಷ್ಟು ಕಷ್ಟ ಅನ್ನೋದು ನಮ್ಮ ಇತಿಹಾಸದ ಭಾಗ.

ಆ ಪ್ರಶ್ನೆಯನ್ನು ಕನ್ನಡ ನಾಡಿನಲ್ಲಿ ಜೋರಾಗಿ ಕೇಳಿದವರು ಎಚ್ಚೆನ್. ಗೌರಿಬಿದನೂರಿನ ಹೊಸೂರಿನ ಬಡವರ ಮನೆಯಿಂದ ಓದುವುದಕ್ಕಾಗಿ ಬೆಂಗಳೂರಿಗೆ ನಡೆದುಕೊಂಡು ಬಂದ ಎಚ್. ನರಸಿಂಹಯ್ಯ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿದರು. ಅದೇ ವರ್ಷದ ಜುಲೈನಲ್ಲಿ ಪಾಂಡವಪುರದಲ್ಲಿ ಬೂದಿ ಸುರಿಸುತ್ತಿದ್ದ ಎಳೇ ಹುಡುಗನನ್ನು ನೋಡಿದಾಗ, ವಿಭೂತಿ ಗಾಳಿಯಿಂದಲ್ಲ, ಬಟ್ಟೆಯೊಳಗಿಂದ ಬರುತ್ತಿದೆ ಅಂತ ತಿಳಿಯಿತು. ಹುಡುಗನ ತಪ್ಪೇನಿದೆ, ದೊಡ್ಡವರು ಕಲಿಸಿದ್ದು. ಬಾಬಾ ಅವರಿಗೆ ಎಚ್ಚೆನ್ ಮೂರು ಕಾಗದ ಬರೆದರು, ನಮ್ಮ ಕಣ್ಣೆದುರು, ನಾವು ಹೇಳಿದ ಕಟ್ಟುಪಾಡಿನಲ್ಲಿ ಮಾಡಿ ತೋರಿಸಿ ಅಂತ. ಮೂರಕ್ಕೂ ಒಪ್ಪಿಗೆ ಬರಲಿಲ್ಲ. ತುರ್ತುಪರಿಸ್ಥಿತಿಯ ಕಾಲ ಅದು. ಸರ್ಕಾರವನ್ನು ಪ್ರಶ್ನಿಸಿದವರು ಜೈಲಲ್ಲಿದ್ದಾಗ ಒಬ್ಬ ಮೇಷ್ಟ್ರು ದೇವರಿಗೆ ಪ್ರಶ್ನೆಪತ್ರಿಕೆ ಕಳಿಸುತ್ತಿದ್ದರು. ಅದೇ 1976ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯ 'ಬ್ಲಿಟ್ಜ್' ವಾರಪತ್ರಿಕೆಯ ಸಂಪಾದಕ ಕರಂಜಿಯಾ, ಮೊದಲು ಬಾಬಾ ಬಗ್ಗೆ ಟೀಕೆ ಅಚ್ಚು ಹಾಕಿದವರು, ಉದ್ದದ ಸಂದರ್ಶನ ಮಾಡಿ ಮೆಚ್ಚುಗೆಯ ಕಡೆ ವಾಲಿದರು. ಒಬ್ಬ ಸಂಪಾದಕ ಹಾಗೆ.

ಇನ್ನೊಬ್ಬ ಸಂಪಾದಕರಿದ್ದರು. ಈ ಬರಹ ಅವರ ಮೇಲೆಯೇ. ಬಸವ ಪ್ರೇಮಾನಂದ್, 1930ರಲ್ಲಿ ಕಲ್ಲಿಕೋಟೆಯಲ್ಲಿ ಹುಟ್ಟಿದವರು. ಪವಾಡ ಮಾಡಿ ತೋರಿಸಿದವರಿಗೆ ಲಕ್ಷ ರೂಪಾಯಿ ಅಂತ ಸವಾಲು ಹಾಕಿದ್ದ ಸಿಂಹಳದ ಅಬ್ರಹಾಂ ಕೋವೂರರ ಹಾದಿ ಹಿಡಿದವರು. ಕೋವೂರರು 1978ರಲ್ಲಿ ತೀರಿಕೊಂಡ ಮೇಲೆ ಆ ಸವಾಲನ್ನು ಹೆಗಲಿಗೆ ಹಾಕಿಕೊಂಡರು. ಕೊಯಮತ್ತೂರಿನ ಪಕ್ಕದ ಪೊದನೂರಿನಿಂದ 1988ರಲ್ಲಿ 'ಇಂಡಿಯನ್ ಸ್ಕೆಪ್ಟಿಕ್' ಅನ್ನುವ ಮಾಸಪತ್ರಿಕೆ ಶುರುಮಾಡಿದರು. ಹೆಚ್ಚುಕಮ್ಮಿ ಒಬ್ಬನೇ ಮನುಷ್ಯನ ಪತ್ರಿಕೆ. ನೀವು ಕೈಯಲ್ಲಿ ಹಿಡಿದಿರೋ ಈ ಪತ್ರಿಕೆಯ ಜಾತಿಯದೇ ಅಂತಿಟ್ಟುಕೊಳ್ಳಿ.

ಅವರ ಬರವಣಿಗೆಗಿಂತ ಕೈ ದೊಡ್ಡದು. ಸಾವಿರಾರು ಹಳ್ಳಿ ಸುತ್ತಿ, ಬಾಬಾಗಳು ಮಾಡೋದನ್ನೆಲ್ಲ ತಾವೇ ಮಾಡಿ, ಆಮೇಲೆ ಹೇಗೆ ಅಂತ ಬಿಚ್ಚಿ ತೋರಿಸೋರು. ಬೂದಿಯನ್ನು ಅನ್ನದ ಗಂಜಿಯಲ್ಲಿ ಕಲಸಿ ಗುಳಿಗೆ ಮಾಡಿ ಒಣಗಿಸೋದು. ಹೆಬ್ಬೆರಳ ಬುಡದಲ್ಲಿ ಅದನ್ನು ಸಿಕ್ಕಿಸಿಕೊಂಡು ಅಂಗೈ ಕೆಳಗೆ ಮಾಡಿ ಗಾಳಿಯಲ್ಲಿ ಸುತ್ತೋದು. ಸುತ್ತುವಾಗಲೇ ಗುಳಿಗೆ ಬೆರಳ ತುದಿಗೆ ಬಂದು ಪುಡಿಯಾಗುತ್ತದೆ. ಇಷ್ಟೇ. ನಮ್ಮ ಸಂತೆಗಳಲ್ಲಿ ಇದನ್ನು ಕಣ್ಕಟ್ಟು ಅಂತಾರೆ. ದೊಂಬರ ಹುಡುಗ, ಗಾರುಡಿಗ ಮಾಡಿದರೆ ತಟ್ಟೆಗೆ ನಾಲ್ಕಾಣೆ ಬಿದ್ದು, ಪೊಲೀಸಿನವ ಲಾಠಿ ತೋರಿಸಿ ಎಬ್ಬಿಸುತ್ತಾನೆ. ಅದೇ ವಿದ್ಯೆಗೆ ಕಾವಿ ಸುತ್ತಿದರೆ ಮಂತ್ರಿ ಬಂದು ಕಾಲಿಗೆ ಬೀಳುತ್ತಾನೆ. ವಿದ್ಯೆ ಒಂದೇ, ಮಾಡೋನ ಜಾಗ ಬೇರೆ. ಪ್ರೇಮಾನಂದರು ಆ ವಿದ್ಯೆಯನ್ನು ಮತ್ತೆ ಬೀದಿಗೆ ತಂದು ಅದರ ಯಜಮಾನರಿಗೆ ಒಪ್ಪಿಸಿದರು ಅಂತ ನಮಗನ್ನಿಸುತ್ತದೆ.

1986ರಲ್ಲಿ ಐನೂರು ಜನರ ಜೊತೆ ಪುಟ್ಟಪರ್ತಿ ಕಡೆ ನಡೆದಾಗ ಪೊಲೀಸರು ಹಿಡಿದರು. ಅದೇ ವರ್ಷ ಆಂಧ್ರ ಹೈಕೋರ್ಟಿಗೆ ಹೋಗಿ ಹಾಕಿದ ಕೇಸು ಇಂದಿಗೂ ಓದಿದರೆ ನಗು ಬರುತ್ತದೆ. ಆಗ 1968ರ ಚಿನ್ನ ನಿಯಂತ್ರಣ ಕಾಯ್ದೆ ಜಾರಿಯಲ್ಲಿತ್ತು. ಅಕ್ಕಸಾಲಿಗ ಒಂದು ಸರ ಮಾಡಬೇಕಾದರೂ ಲೈಸೆನ್ಸು ಬೇಕು. ಹಾಗಿದ್ದ ಮೇಲೆ ಗಾಳಿಯಲ್ಲಿ ಚಿನ್ನದ ಸರ ಹುಟ್ಟಿಸೋರಿಗೆ ಲೈಸೆನ್ಸು ಬೇಡವೆ? ಕೋರ್ಟು ಕೇಸನ್ನು ವಜಾ ಮಾಡಿತು. ದೈವಶಕ್ತಿ ಅನ್ನೋದು ಕಾನೂನಿನಲ್ಲಿ ಒಪ್ಪುವ ಸಮರ್ಥನೆಯಲ್ಲ ಅಂತ ಇವರು ಮತ್ತೆ ಮೇಲ್ಮನವಿ ಹಾಕಿದರು.

ಆಮೇಲೆ ಕ್ಯಾಮೆರಾಗಳು ಬಂದವು. 1992ರ ನವೆಂಬರ್ 23ರಂದು ಡೆಕ್ಕನ್ ಕ್ರಾನಿಕಲ್ ಪತ್ರಿಕೆ, ದೂರದರ್ಶನದ ಟೇಪೊಂದರಲ್ಲಿ ಬಾಬಾ ಕೈಚಳಕ ಕಾಣುತ್ತದೆ ಅಂತ ಬರೆಯಿತು. 1995ರಲ್ಲಿ ಇಂಗ್ಲೆಂಡಿನ ಚಾನೆಲ್ 4ಕ್ಕೆ ರಾಬರ್ಟ್ ಈಗಲ್ 'ಗುರು ಬಸ್ಟರ್ಸ್' ಮಾಡಿದ. ನಮ್ಮ ವಿಚಾರವಾದಿಗಳು ಬೀದಿಯಲ್ಲಿ ಪವಾಡ ಮಾಡಿ ತೋರಿಸೋದು ಅದರ ವಸ್ತು. 2004ರ ಜೂನಿನಲ್ಲಿ ಬಿಬಿಸಿ 'ದ ಸೀಕ್ರೆಟ್ ಸ್ವಾಮಿ' ತೋರಿಸಿತು. ಪೊದನೂರಿನ ಸಂಪಾದಕರು ಆ ಚಿತ್ರದಲ್ಲಿ ಕೂತು, ಇದು ಪವಾಡವಲ್ಲ, ಕೈಚಳಕ ಅಂತ ಸಾಕ್ಷಿ ಹೇಳಿದರು. ಅದೇ ಚಿತ್ರದಲ್ಲಿ ಲಂಡನ್ ಹೋಟೆಲಿನ ಟಿಗ್ರೆಟ್ಟೂ ಇದ್ದಾನೆ, ನಂಬಿಕೆ ಬಿಡದೆ. ಹಾಡಿನ ದಾರಿಯಲ್ಲಿ ಬಂದವನು, ಹಳ್ಳಿಯ ದಾರಿಯಲ್ಲಿ ನಡೆದವರು, ಒಂದೇ ಸಿನಿಮಾದಲ್ಲಿ.

ಆ ಚಿತ್ರದ ಬೆನ್ನೆಲುಬು ಬೇರೆಯದು. ಪಡುವಣದ ಹಳೇ ಭಕ್ತರು ಕೆಲವರು ಮಾಡಿದ ಲೈಂಗಿಕ ಶೋಷಣೆಯ ಆರೋಪಗಳು ಅದರಲ್ಲಿದ್ದವು. ಬಾಬಾ ಕಡೆಯವರು ಅವನ್ನು ಅಲ್ಲಗಳೆದರು. 2011ರ ಏಪ್ರಿಲ್ 24ರಂದು ಬಾಬಾ ತೀರಿಕೊಳ್ಳುವವರೆಗೂ ಯಾವ ಕೋರ್ಟೂ ಅವರನ್ನು ಅಪರಾಧಿ ಅಂತ ಹೇಳಲಿಲ್ಲ. ಅದರ ತೀರ್ಪು ಕೊಡಲು ನಾವು ಕೂತಿಲ್ಲ. ನಮ್ಮ ತಕರಾರು ಬೇರೆ. ಎಚ್ಚೆನ್ ಕಾಗದ ಬರೆದು 28 ವರ್ಷ ಆದ ಮೇಲೆ, ಬಿಳಿಯರ ಮನೆಯ ಮಕ್ಕಳ ನೋವು ಎದ್ದ ಮೇಲೆ, ಈ ಪ್ರಶ್ನೆ ಜಗತ್ತಿನ ಪ್ರಶ್ನೆಯಾಯಿತು. ಅಲ್ಲೀತನಕ ಅದು ಕನ್ನಡದ ಪ್ರಶ್ನೆ, ಮಲೆಯಾಳದ ಪ್ರಶ್ನೆ, ಅಂದರೆ ಬ್ರಾಕೆಟ್ಟಿನೊಳಗಿನ ಪ್ರಶ್ನೆ. ಒಬ್ಬ ಮನುಷ್ಯ ಹತ್ತಾರು ವರ್ಷ ಹಳ್ಳಿ ಹಳ್ಳಿ ಅಲೆದು, ಅಚ್ಚಿನ ಸಾಲ ತೀರಿಸಿಕೊಂಡು ಕಟ್ಟಿದ ಅರಿವು ಸಿನಿಮಾದಲ್ಲಿ ಕೆಲವು ನಿಮಿಷವಾಗುತ್ತದೆ. ಆ ನಿಮಿಷಗಳು ಬೇಡ ಅಂತ ನಾವು ಹೇಳೋಲ್ಲ. ಅವೂ ಇರದಿದ್ದರೆ ಪೊದನೂರಿನ ಪತ್ರಿಕೆಯ ಹೆಸರು ಕಾಡುಗೋಡಿಯ ನಮ್ಮ ಕಿವಿಗೆ ಬೀಳುತ್ತಿತ್ತೋ ಇಲ್ಲವೋ. ಆದರೆ ಚರಿತ್ರೆ ಬರೆಯೋರು ಸಿನಿಮಾ ಮಾತ್ರ ನೋಡಿ ಬರೆದರೆ ಹಳ್ಳಿಯ ಮೂವತ್ತು ವರ್ಷ ಕತ್ತರಿಸಿ ಬಿಸಾಡಿದ ರೀಲಿನಲ್ಲಿ ಹೋಗಿಬಿಡುತ್ತದೆ.

ಇನ್ನೊಂದು ಸಾಕ್ಷಿ ಇನ್ನೂ ಯಾರ ಕ್ಯಾಮೆರಾಕ್ಕೂ ಸರಿಯಾಗಿ ಸಿಕ್ಕಿಲ್ಲ. ಆ ವರ್ಷಗಳಲ್ಲಿ ಕಾಡುಗೋಡಿ ಸ್ಟೇಷನ್ನಿನಲ್ಲಿ ಪರದೇಶಿಗಳ ಮೂಟೆ ಹೊತ್ತವರು, ಅವರು ಹಿಡಿದ ಬಾಡಿಗೆ ಮನೆಗಳ ಪಾತ್ರೆ ತೊಳೆದ ಹೆಂಗಸರು, ಬಿಳಿ ಜುಬ್ಬ ಹೊಲಿದ ದರ್ಜಿಗಳು, ದರ್ಶನ ಮುಗಿದ ಮೇಲೆ ರಸ್ತೆ ಗುಡಿಸಿದವರು. ಬೀಟಲ್ಸ್ ನಂತರದ ಆ ಜಗತ್ತನ್ನು ಇವರಷ್ಟು ಹತ್ತಿರದಿಂದ ಕಂಡವರು ಲಂಡನ್ನಿನ ಯಾವ ವಾರಪತ್ರಿಕೆಯಲ್ಲೂ ಇಲ್ಲ. ಇವರಿಗೀಗ ಎಪ್ಪತ್ತು, ಎಂಬತ್ತು. ಗೆಳೆಯರೆ, ನಿಮ್ಮೆಲ್ಲರ ಜೇಬಿನಲ್ಲೂ ಈಗ ಒಂದೊಂದು ಕ್ಯಾಮೆರಾ ಇದೆ. ನಮ್ಮ ಕಾಲೇಜು ಹುಡುಗರು ಭಾನುವಾರಕ್ಕೊಬ್ಬರಂತೆ ಕೂರಿಸಿ ಮಾತಾಡಿಸಿದರೂ ಒಂದು ವರ್ಷಕ್ಕೆ ಐವತ್ತು ಸಾಕ್ಷಿಯಾಗುತ್ತವೆ.

ಪ್ರೇಮಾನಂದರು 2009ರ ಅಕ್ಟೋಬರ್ 4ರಂದು ಪೊದನೂರಿನಲ್ಲಿ ತೀರಿಕೊಂಡರು. ಸಾಯೋ ಹೊತ್ತಿಗೆ ದೇವರ ಹೆಸರು ಹೇಳಿದರು ಅಂತ ಯಾರಾದರೂ ಪುಕಾರು ಹಬ್ಬಿಸ್ತಾರೆ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ಎರಡು ವಾರ ಮೊದಲೇ, ಕೊನೆವರೆಗೂ ನಾನು ವಿಚಾರವಾದಿಯೇ ಅಂತ ಬರೆದು ರುಜು ಹಾಕಿಟ್ಟರು. ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಟ್ಟರು. 1997ರಲ್ಲಿ ಅವರು ಕಟ್ಟಿದ ವಿಚಾರವಾದಿ ಸಂಘಗಳ ಒಕ್ಕೂಟವನ್ನು ಆಮೇಲೆ ನಡೆಸಿದವರು ಮಂಗಳೂರಿನ ನರೇಂದ್ರ ನಾಯಕ್. ಜೀವರಸಾಯನಶಾಸ್ತ್ರದ ಮೇಷ್ಟ್ರು, 1976ರಿಂದ ದಕ್ಷಿಣ ಕನ್ನಡದಲ್ಲಿ ಇದೇ ಕೆಲಸಕ್ಕೆ ಇಳಿದವರು. ಅವರೂ ಶಾಲೆ ಶಾಲೆಗೆ ಹೋಗಿ ಕೈಯಾರೆ ಮಾಡಿ ತೋರಿಸಿದರು.

ಹಳ್ಳಿ ಮೇಷ್ಟ್ರುಗಳಿಗೆ ಆ ಜೋಳಿಗೆಯಿಂದ ಒಂದು. ಬೆಂಕಿಕಡ್ಡಿ ಇಲ್ಲದೆ ಹೋಮಕುಂಡ ಹತ್ತಿಸೋದು. ತಗಡಿನ ತಟ್ಟೆಯಲ್ಲಿ ಒಣ ಸೌದೆಚೂರು, ಅದರ ನಡುವೆ ಒಂದು ಚಮಚ ಪೊಟ್ಯಾಸಿಯಂ ಪರ್ಮಾಂಗನೇಟ್ ಪುಡಿ, ಬಾವಿ ನೀರಿಗೆ ಹಾಕ್ತಾರಲ್ಲ ಆ ನೇರಳೆ ಪುಡಿ. ಮೇಲೆ ತುಪ್ಪ ಅಂತ ಹೇಳಿ ಗ್ಲಿಸರಿನ್ ನಾಲ್ಕು ತೊಟ್ಟು ಬಿಟ್ಟು ಕೈ ಹಿಂದಕ್ಕೆ ತಗೊಳ್ಳಿ, ಮಕ್ಕಳನ್ನು ದೂರ ನಿಲ್ಲಿಸಿ. ಬೆಂಕಿ ತಕ್ಷಣ ಹತ್ತೋದಿಲ್ಲ, ಒಂದಿಷ್ಟು ಹೊತ್ತು ಹಿಡಿಯುತ್ತೆ. ಮಂತ್ರ ಹೇಳೋದು ಆ ಹೊತ್ತಿನಲ್ಲೇ.